ಬ್ರೇಕು ಕಿರುಗುಟ್ಟಿದಾಗ

ಚಳಿಗಾಲ ಬಂದಿತೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಈ ಕೆರೆಗೆ ಗದಗದಿಂದ ಸುಮಾರು 26 ಕಿಲೋಮೀಟರು. ಸಂಸಾರಸಮೇತ ಕಾರಿನಲ್ಲಿ ಬರುವವರಿಗೆ ಇದು ಬಯಲುಸೀಮೆಯ ದಾರಿ. ಬ್ರೇಕಿಗೆ ಹೆಚ್ಚು ಕೆಲಸವಿಲ್ಲ. ಅದೇ ಕಾರು ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಕಡಲಿಗೆ ಹೊರಟಿತೆಂದರೆ ಮಾತೇ ಬೇರೆ. ಸಮತಟ್ಟಿನಲ್ಲಿ ಮರೆಯಾಗಿದ್ದ ಬ್ರೇಕಿನ ಬಡತನವು ಇಳಿಜಾರಿನ ತಿರುವಿನಲ್ಲಿ ಬಯಲಾಗುತ್ತದೆ.

ಸವೆಯುವುದು ಬ್ರೇಕಿನ ದೋಷವಲ್ಲ, ಧರ್ಮ. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕೆಲದಿಂದ ಒತ್ತಿ ಹಿಡಿಯುತ್ತವೆ. ಕಾರಿನ ವೇಗವು ಶಾಖವಾಗಿ ಮಾರ್ಪಡುತ್ತದೆ. ತಟ್ಟೆ ಉಳಿಯಬೇಕಾದರೆ ಪ್ಯಾಡು ಸವೆಯಲೇಬೇಕು. 1888ರಲ್ಲಿ ಕಾರ್ಲ್ ಬೆಂಜ್‌ನ ಪತ್ನಿ ಬರ್ಥಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಮೋಟಾರು ಗಾಡಿಯಲ್ಲಿ ಹೊರಟಳು. ಮಾರ್ಗದಲ್ಲಿ ಮರದ ಬ್ರೇಕು ಸವೆಯಲು, ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿ ಮುಂದೆ ಸಾಗಿದಳು. ಕಾರಿನ ಇತಿಹಾಸದಷ್ಟೇ ಹಳೆಯದು ಈ ರಿಪೇರಿ!

ಹೊಸ ಪ್ಯಾಡಿನ ಘರ್ಷಣೆಯ ಪದರ ಸಾಮಾನ್ಯವಾಗಿ 10 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅದು 3 ಮಿಲಿಮೀಟರಿಗೆ ಇಳಿದರೆ ಬದಲಾಯಿಸತಕ್ಕದ್ದು. ಹಲವು ಪ್ಯಾಡುಗಳಲ್ಲಿ ಈ ಹಂತದಲ್ಲಿ ತಟ್ಟೆಗೆ ತಾಗಿ ಕಿರುಗುಟ್ಟುವ ತಗಡಿನ ನಾಲಗೆಯೊಂದಿರುತ್ತದೆ. ಆ ಎಚ್ಚರಿಕೆಗೆ ಕಿವುಡಾದರೆ ಕೊನೆಗೆ ಲೋಹಕ್ಕೆ ಲೋಹ ಉಜ್ಜಿ ತಟ್ಟೆಯೂ ಕೆಡುತ್ತದೆ.

ಮುಂಗಾಲಿಗಳ ಪ್ಯಾಡನ್ನು ಮನೆಯಂಗಳದಲ್ಲೇ ಬದಲಾಯಿಸುವುದು ಸಾಧ್ಯ. ಎರಡು ಪಕ್ಕಗಳಿಗೂ ಒಟ್ಟಿಗೇ ಹೊಸದು ಬೇಕು. ಒಂದೇ ಕಡೆ ಹಾಕಿದರೆ ಕಾರು ಪಕ್ಕಕ್ಕೆಳೆಯಬಹುದು. ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಬೇಕು. ಗಾಲಿ ನೆಲದಲ್ಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಬಳಿಕ ಜಾಕಿನಿಂದೆತ್ತಿ, ಭಾರವನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕನ್ನು ನಂಬಲಾಗದು. ಗಾಲಿ ಕಳಚಿ, ಕ್ಯಾಲಿಪರಿನ ಕೆಳಗಣ ಬೋಲ್ಟನ್ನು ತೆಗೆದರೆ ಹಲವು ಕಾರುಗಳಲ್ಲಿ ಅದು ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಪೂರ್ತಿ ಕಳಚಬೇಕಾದಲ್ಲಿ ತಂತಿಯಿಂದ ತೂಗುಹಾಕತಕ್ಕದ್ದು; ಅದರ ಭಾರ ಬ್ರೇಕಿನ ರಬ್ಬರ್ ಕೊಳವೆಯ ಮೇಲೆ ಬೀಳಬಾರದು. ಒಳಗಿನ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸುವುದು ಆರೋಗ್ಯಕರ.

ಹೊಸ ಪ್ಯಾಡು ದಪ್ಪ. ಅದಕ್ಕೆ ಎಡೆ ಮಾಡಲು ಪಿಸ್ಟನ್ನನ್ನು ಸಿ-ಕ್ಲ್ಯಾಂಪಿನಿಂದ ಮೆಲ್ಲಗೆ ಹಿಂದಕ್ಕೊತ್ತಬೇಕು. ಆಗ ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಉಕ್ಕಿದರೆ ಬಣ್ಣವನ್ನು ತಿನ್ನುತ್ತದೆ. ಪ್ಯಾಡಿನ ಮುಖಕ್ಕೆ ಎಣ್ಣೆ, ಗ್ರೀಸು ಸೋಕಕೂಡದು.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಮರೆಯುವ ಒಂದು ಸಂಗತಿಯುಂಟು. ಪ್ರಾಣಕ್ಕೆ ಸಂಚಕಾರ ತರುವುದೂ ಅದೇ. ಹಿಂದೆ ಸರಿದ ಪಿಸ್ಟನ್ ತಾನಾಗಿ ಪ್ಯಾಡನ್ನು ಮುಟ್ಟುವುದಿಲ್ಲ. ಕಾರನ್ನು ಕದಲಿಸುವ ಮುನ್ನ ಬ್ರೇಕಿನ ಪೆಡಲನ್ನು ಅದು ಗಟ್ಟಿಯಾಗುವವರೆಗೂ ಮತ್ತೆ ಮತ್ತೆ ಒತ್ತಬೇಕು. ಇಲ್ಲವಾದರೆ ಮೊದಲ ಸಲ ತುಳಿದಾಗ ಕಾಲು ನೆಲಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

ಎಷ್ಟು ಒತ್ತಿದರೂ ಪೆಡಲು ಮೆತ್ತಗೇ ಇದ್ದರೆ ಕಾರನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಮನೆಗೆ ಕರೆಸುವುದೇ ಜಾಣತನ. ಗಟ್ಟಿಯಾದರೂ ಆ ದಿನವೇ ಘಟ್ಟಕ್ಕೆ ಹೊರಡಲಾಗದು. ಮೊದಲ ನೂರಿನ್ನೂರು ಕಿಲೋಮೀಟರು ಊರಿನ ದಾರಿಯಲ್ಲಿ ಹದವಾಗಿ ಬ್ರೇಕು ಹಾಕುತ್ತ ಓಡಿಸಿದರೆ ಪ್ಯಾಡೂ ತಟ್ಟೆಯೂ ಪರಸ್ಪರ ಹೊಂದಿಕೊಳ್ಳುತ್ತವೆ.