ಲೈಸೆನ್ಸ್ ಅಮಾನತು, ಲೈಸೆನ್ಸ್ ರದ್ದು: ಕುಡಿದು ಚಾಲನೆಯ ಬಗ್ಗೆ ಕಾನೂನು ಹೇಳುವುದೇನು?

‘ಅವನ ಲೈಸೆನ್ಸ್ ಹೋಯಿತಂತೆ’ ಎಂಬ ಮಾತು ಗೋಣಿಬೀಡಿನ ಹೋಟೆಲಿನಲ್ಲೋ ಜೀಪುಗಳು ನಿಲ್ಲುವ ಜಾಗದಲ್ಲೋ ನಿಮ್ಮ ಕಿವಿಗೆ ಬಿದ್ದರೆ, ಅದಕ್ಕೆ ಮೂರು ಅರ್ಥಗಳಿರಬಹುದು. ಪೊಲೀಸರು ಲೈಸೆನ್ಸನ್ನು ವಶಕ್ಕೆ ತೆಗೆದುಕೊಂಡಿರಬಹುದು. ಇಷ್ಟು ತಿಂಗಳು ವಾಹನ ಓಡಿಸಕೂಡದೆಂಬ ಆದೇಶವಾಗಿರಬಹುದು. ಅಥವಾ ಲೈಸೆನ್ಸು ಪೂರ್ತಿ ರದ್ದಾಗಿರಬಹುದು. ಇವು ಮೂರೂ ಬೇರೆ ಬೇರೆ. ಯಾವುದನ್ನು ಯಾರು ಮಾಡುತ್ತಾರೆ, ಅದರಿಂದ ಏನಾಗುತ್ತದೆ ಎಂಬುದು ಗೊತ್ತಿಲ್ಲದೆ ಎಷ್ಟೋ ಚಾಲಕರು ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಮಾಡುತ್ತಾರೆ.

ಮೂಡಿಗೆರೆ, ಕಳಸದ ಕಡೆ ಇದು ಸಣ್ಣ ವಿಷಯವಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಕಾರ್ಮಿಕರನ್ನು ತೋಟಕ್ಕೆ ತಲುಪಿಸುವ ಜೀಪು, ಹಣ್ಣು ಮತ್ತು ಚೀಲ ಸಾಗಿಸುವ ಪಿಕ್‌ಅಪ್ ಓಡಿಸುವವರಿಗೆ ವರ್ಷದ ದುಡಿಮೆಯ ದೊಡ್ಡ ಪಾಲು ಆ ಕೆಲವೇ ತಿಂಗಳಲ್ಲಿ ಬರುತ್ತದೆ. ಡಿಸೆಂಬರಿನಲ್ಲಿ ಮೂರು ತಿಂಗಳು ಲೈಸೆನ್ಸ್ ಇಲ್ಲವೆಂದರೆ ಕೊಯ್ಲೇ ಕೈತಪ್ಪಿದಂತೆ.

ಮಿತಿ ಎಷ್ಟು?

1988ರ ಮೋಟಾರು ವಾಹನಗಳ ಕಾಯ್ದೆಯ 185ನೇ ಕಲಂ ಈ ಅಪರಾಧಕ್ಕೆ ಸಂಬಂಧಿಸಿದ್ದು. 1994ರ ತಿದ್ದುಪಡಿಯ ನಂತರ ಮಿತಿ ಹೀಗಿದೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇರಬಾರದು. ಇಂಗ್ಲೆಂಡಿನಲ್ಲಿ 1967ರಲ್ಲಿ ಗೊತ್ತುಪಡಿಸಿದ ಮಿತಿ 80 ಮಿಲಿಗ್ರಾಂ. ನಮ್ಮದು ಅದರ ಅರ್ಧಕ್ಕಿಂತಲೂ ಕಡಿಮೆ. ಕಾರಿಗೂ ಲಾರಿಗೂ ಸ್ಕೂಟರಿಗೂ ಇದೇ ಮಿತಿ. ಓಡಿಸುವುದಷ್ಟೇ ಅಲ್ಲ, ಓಡಿಸಲು ಯತ್ನಿಸುವುದೂ ಅಪರಾಧವೇ.

ಈ 30 ಮಿಲಿಗ್ರಾಂ ಎಂದರೆ ಎಷ್ಟೆಂದು ಸ್ವಲ್ಪ ಲೆಕ್ಕ ಹಾಕೋಣ. ಶೇಕಡಾ 42.8 ಆಲ್ಕೋಹಾಲ್ ಇರುವ ವಿಸ್ಕಿ ಅಥವಾ ರಮ್ಮಿನ 60 ಮಿಲಿಲೀಟರಿನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 60 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಇದರಿಂದ ಅಂಶ ಸುಮಾರು 50 ಮಿಲಿಗ್ರಾಂವರೆಗೆ ಏರಬಹುದು. ಅಂದರೆ ಒಂದೇ ದೊಡ್ಡ ಪೆಗ್ಗಿಗೆ ಮಿತಿ ದಾಟುವ ಸಂಭವವಿದೆ. 180 ಮಿಲಿಲೀಟರಿನ ಒಂದು ಕ್ವಾರ್ಟರಿಗೆ ಅದು 150ರ ಹತ್ತಿರ ಹೋಗುತ್ತದೆ. ಮಿತಿಯ ಐದು ಪಟ್ಟು. ದೇಹದಿಂದ ದೇಹಕ್ಕೆ, ಹೊಟ್ಟೆಯಲ್ಲಿರುವ ಊಟಕ್ಕೆ ತಕ್ಕಂತೆ ಈ ಅಂಕಿಗಳು ಹೆಚ್ಚು ಕಡಿಮೆಯಾಗುತ್ತವೆ. ಅಂದಾಜು ಮಾತ್ರ ಇದೇ.

ಏರಿದ್ದು ಇಳಿಯುವುದು ಬಹಳ ನಿಧಾನ. ಪಿತ್ತಜನಕಾಂಗ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟನ್ನು ಮಾತ್ರ ಕಡಿಮೆ ಮಾಡಬಲ್ಲದು. ರಾತ್ರಿ ಒಂಬತ್ತಕ್ಕೆ ಒಂದೂವರೆ ಕ್ವಾರ್ಟರ್ ಕುಡಿದು ಮಲಗಿದವನ ರಕ್ತದಲ್ಲಿ ಬೆಳಿಗ್ಗೆ ಏಳಕ್ಕೆ ಇನ್ನೂ 70 ಮಿಲಿಗ್ರಾಂ ಉಳಿದಿರಬಹುದು. ನಿದ್ದೆಯಾಗಿದೆ, ಸ್ನಾನವಾಗಿದೆ, ತಲೆ ಹಗುರವಾಗಿದೆ ಎಂದುಕೊಂಡು ಕಾರ್ಮಿಕರನ್ನು ಹತ್ತಿಸಿಕೊಂಡು ಹೊರಡುತ್ತಾನೆ. ಕಾನೂನಿನ ಲೆಕ್ಕದಲ್ಲಿ ಅವನು ಇನ್ನೂ ಕುಡಿದ ಚಾಲಕನೇ.

‘ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದರೆ ಇಳಿಯುತ್ತದೆ’ ಎಂಬ ನಂಬಿಕೆ ಕಾಫಿ ಸೀಮೆಯಲ್ಲೂ ಇದೆ. ಕಾಫಿ ತೂಕಡಿಕೆಯನ್ನು ದೂರ ಮಾಡೀತು. ಆದರೆ ರಕ್ತದಲ್ಲಿರುವ ಆಲ್ಕೋಹಾಲನ್ನು ಅದು ಕರಗಿಸುವುದಿಲ್ಲ. ನಿಂಬೆರಸ, ಮಜ್ಜಿಗೆ, ತಣ್ಣೀರ ಸ್ನಾನ, ಇವುಗಳ ಕಥೆಯೂ ಅಷ್ಟೇ. ಏಲಕ್ಕಿ ಅಗಿದರೆ ಬಾಯಿಯ ವಾಸನೆ ಮುಚ್ಚಬಹುದು. ಆದರೆ ಯಂತ್ರ ಅಳೆಯುವುದು ವಾಸನೆಯನ್ನಲ್ಲ, ಶ್ವಾಸಕೋಶದಿಂದ ಬರುವ ಗಾಳಿಯಲ್ಲಿನ ಆಲ್ಕೋಹಾಲನ್ನು. ಆ ಆಲ್ಕೋಹಾಲ್ ಯಂತ್ರದೊಳಗಿನ ಪ್ಲಾಟಿನಂ ಪದರದ ಮೇಲೆ ಉತ್ಕರ್ಷಣಗೊಂಡು ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಪ್ರವಾಹ ಹೆಚ್ಚಿದ್ದಷ್ಟೂ ಅಂಕಿ ಹೆಚ್ಚು.

ಕುಡಿತವಷ್ಟೇ ಅಲ್ಲ, ಮಾದಕ ವಸ್ತುವಿಗೂ ಔಷಧಿಗೂ ಇದೇ ಕಲಂ ಅನ್ವಯಿಸುತ್ತದೆ. ಅಲ್ಲಿ ಮಿಲಿಗ್ರಾಂ ಲೆಕ್ಕವಿಲ್ಲ. ವಾಹನದ ಮೇಲೆ ಹಿಡಿತ ತಪ್ಪುವಷ್ಟು ಅದರ ಪ್ರಭಾವ ಇತ್ತೇ ಎಂಬುದೇ ಪ್ರಶ್ನೆ. ನೆಗಡಿ, ಕೆಮ್ಮಿಗೆಂದು ಮಂಪರು ತರಿಸುವ ಔಷಧಿ ತೆಗೆದುಕೊಂಡಿದ್ದರೆ ಅಂದು ಸ್ಟಿಯರಿಂಗ್ ಹಿಡಿಯದಿರುವುದೇ ಲೇಸು.

ರಸ್ತೆಯಲ್ಲಿ ತಡೆದಾಗ

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಥವಾ ಸಾರಿಗೆ ಇಲಾಖೆಯ ಅಧಿಕಾರಿ ಸಂಶಯಕ್ಕೆ ಕಾರಣವಿದ್ದರೆ ಉಸಿರಿನ ಪರೀಕ್ಷೆಗೆ ಕರೆಯಬಹುದು. ಯಂತ್ರ ಆಲ್ಕೋಹಾಲ್ ತೋರಿಸಿದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಹಾಗೆ ಬಂಧಿಸಿದವರನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು. ಇಲ್ಲವಾದರೆ ಬಿಡುಗಡೆ ಮಾಡಬೇಕು. ಇದು ನಿಮಗೆ ಕಾನೂನು ಕೊಟ್ಟಿರುವ ರಕ್ಷಣೆ. ‘ನಾನು ಊದುವುದಿಲ್ಲ’ ಎಂದು ಹಟ ಹಿಡಿದರೆ ಪಾರಾಗಬಹುದೆಂದು ಭಾವಿಸಬೇಡಿ. ಸಕಾರಣವಿಲ್ಲದೆ ನಿರಾಕರಿಸಿದ್ದನ್ನೇ ನ್ಯಾಯಾಲಯ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಪೂರಕವಾಗಿ ಪರಿಗಣಿಸಬಹುದು.

ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟುವಂತೆ ಇದಕ್ಕೆ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ. ಇದು ರಾಜಿಯಾಗದ ಅಪರಾಧ, ನ್ಯಾಯಾಲಯಕ್ಕೆ ಹೋಗಲೇಬೇಕು. 2019ರ ಸೆಪ್ಟೆಂಬರ್ 1ರಿಂದ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ; ಮತ್ತೆ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ.

ಅಧಿಕಾರಿ ಲೈಸೆನ್ಸನ್ನು ವಶಕ್ಕೆ ಪಡೆದು ನಿಮಗೆ ಸ್ವೀಕೃತಿ ಪತ್ರ ಕೊಡುತ್ತಾರೆ. ಇಲ್ಲೇ ಹಲವರು ಎಡವುವುದು. ಬೇರೆ ಕೆಲವು ಪ್ರಕರಣಗಳಲ್ಲಿ ಆ ಚೀಟಿಯನ್ನೇ ಇಟ್ಟುಕೊಂಡು ತಾತ್ಕಾಲಿಕವಾಗಿ ವಾಹನ ಓಡಿಸಬಹುದು. 2019ರ ತಿದ್ದುಪಡಿಯ ಪ್ರಕಾರ ಕುಡಿದು ಚಾಲನೆಯ ಪ್ರಕರಣದಲ್ಲಿ ಓಡಿಸುವಂತಿಲ್ಲ. ಲೈಸೆನ್ಸ್ ಕೈಗೆ ಮರಳುವವರೆಗೆ ಆ ಚೀಟಿ ಕೇವಲ ರಸೀದಿ.

ಎರಡು ಬಾಗಿಲು

ಇಲ್ಲಿಂದ ಪ್ರಕರಣ ಎರಡು ಕಡೆ ನಡೆಯುತ್ತದೆ. ಮೊದಲನೆಯದು ಚಿಕ್ಕಮಗಳೂರಿನ ಆರ್‌ಟಿಒ ಕಚೇರಿ. 19ನೇ ಕಲಂ ಪ್ರಕಾರ ಲೈಸೆನ್ಸ್ ನೀಡುವ ಪ್ರಾಧಿಕಾರ ನಿಮ್ಮ ಅಹವಾಲು ಕೇಳಬೇಕು. ಕೇಳಿದ ಮೇಲೆ ನಿಮ್ಮನ್ನು ಬಿಟ್ಟುಬಿಡಬಹುದು. ಇಲ್ಲವೇ ಕಾರಣ ಬರೆದು, ಮೊದಲ ಬಾರಿಯಾದರೆ ಮೂರು ತಿಂಗಳು ಅನರ್ಹಗೊಳಿಸಬಹುದು. ಎರಡನೆಯ ಬಾರಿಯಾದರೆ ಲೈಸೆನ್ಸ್ ರದ್ದು. ಹಾಗೆ ರದ್ದಾದವರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲೂ ಅವಕಾಶವಿದೆ. ಅಮಾನತಿನ ಅವಧಿ ಮುಗಿದರೂ ಲೈಸೆನ್ಸ್ ತಾನಾಗಿ ಬರುವುದಿಲ್ಲ. ಚಾಲಕರ ಪುನಶ್ಚೇತನ ತರಬೇತಿಯನ್ನು ಮುಗಿಸಬೇಕು. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆದ್ದರಿಂದ ಆರ್‌ಟಿಒ ನೋಟೀಸು ಬಂದರೆ ಅದನ್ನು ಮೂಲೆಗೆ ಎಸೆಯಬೇಡಿ. ಪರೀಕ್ಷೆಯ ಸಮಯ, ಯಂತ್ರದ ಚೀಟಿ, ವೈದ್ಯರ ವರದಿ ಇವುಗಳಲ್ಲಿ ವ್ಯತ್ಯಾಸವಿದ್ದರೆ ಹೇಳಿಕೊಳ್ಳುವ ಜಾಗ ಅದು.

ಎರಡನೆಯದು ನ್ಯಾಯಾಲಯ. ‘ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು’ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ 20ನೇ ಕಲಂ ಪ್ರಕಾರ 185ರಡಿ ಶಿಕ್ಷೆಯಾದವರನ್ನು ನ್ಯಾಯಾಲಯ ಕನಿಷ್ಠ ಆರು ತಿಂಗಳು ಲೈಸೆನ್ಸಿಗೆ ಅನರ್ಹರೆಂದು ಘೋಷಿಸಬೇಕು. ‘ಹೊಟ್ಟೆಪಾಡು, ಸ್ವಾಮಿ’ ಎಂಬ ಮಾತಿಗೆ ಈ ಕನಿಷ್ಠವನ್ನು ಇಳಿಸುವ ಅವಕಾಶವನ್ನು ಆ ಕಲಂ ಕೊಟ್ಟಿಲ್ಲ. ಹಾಗಾಗಿ ತಪ್ಪೊಪ್ಪಿಗೆಗೆ ಮುಂಚೆ ವಕೀಲರನ್ನು ಕೇಳಿ. ಫೀಸು ಕೊಡಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು.

ಅನರ್ಹತೆಯ ಕಾಲದಲ್ಲಿ ಕದ್ದುಮುಚ್ಚಿ ಓಡಿಸಿದರೆ 182ನೇ ಕಲಂ ಕಾದಿರುತ್ತದೆ: ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ.

ತೋಟದ ಮಾಲೀಕರಿಗೆ ಒಂದು ಮಾತು

ಚಾಲಕ ಕುಡಿದಿದ್ದಾನೆಂದು ತಿಳಿದೂ ‘ಪರವಾಗಿಲ್ಲ, ಒಂದು ಟ್ರಿಪ್ ಹೊಡೆದು ಬಾ’ ಎಂದು ಕಳಿಸಿದರೆ ಅದು ಕುಮ್ಮಕ್ಕು. 188ನೇ ಕಲಂ ಪ್ರಕಾರ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಅಪಘಾತವಾದರೆ ಚಾಲಕ ಕುಡಿದಿದ್ದನೆಂಬ ಕಾರಣದ ಮೇಲೆ ವಿಮಾ ಕಂಪನಿ ತಕರಾರು ತೆಗೆಯಬಹುದು. ಪರಿಹಾರದ ಹೊರೆ ವಾಹನದ ಮಾಲೀಕರ ಹೆಗಲೇರಬಹುದು. ಬಟವಾಡೆಯ ಸಂಜೆ ಕಾರ್ಮಿಕರನ್ನು ಮನೆಗೆ ಬಿಡುವ ವಾಹನಕ್ಕೆ ಕುಡಿಯದ ಚಾಲಕನನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳುವುದು ಇದಕ್ಕಿಂತ ಎಷ್ಟೋ ಅಗ್ಗ.

ಇಷ್ಟು ಬಿಗಿಯೇಕೆ ಎಂದು ಕೇಳುವವರಿದ್ದಾರೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಕುಡಿತದಿಂದ ಬ್ರೇಕ್ ತುಳಿಯುವುದು ಅರ್ಧ ಸೆಕೆಂಡು ತಡವಾದರೆ ಐದೂವರೆ ಮೀಟರ್ ಹೆಚ್ಚು ಮುಂದೆ ಹೋಗಿರುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಅದು ಹೇಗೋ ನಡೆದೀತು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ, ಮಂಜು ಮುಸುಕಿದಾಗ, ರಸ್ತೆಯ ಅಂಚಿಗೂ ಚಕ್ರಕ್ಕೂ ಅಷ್ಟು ಜಾಗ ಇರುವುದಿಲ್ಲ. ಹಿಂದೆ ಕುಳಿತ ಹತ್ತು ಜನರ ಜೀವ ಆ ಐದೂವರೆ ಮೀಟರಿನಲ್ಲಿದೆ. ಲೈಸೆನ್ಸ್ ಮೂರು ತಿಂಗಳಿಗೋ ಆರು ತಿಂಗಳಿಗೋ ಮರಳಿ ಬರುತ್ತದೆ. ಆ ಜೀವಗಳು ಬರುವುದಿಲ್ಲ.