ಆಂಪ್ಲಿಫೈಯರಿಗೆ ಎಂತಹ ಪವರ್ ಸಪ್ಲೈ ಬೇಕು?

ಕಾಲೇಜು ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಮನೆಯಲ್ಲಿ ಅಜ್ಜ ಕೂಡಿಟ್ಟ ಗ್ರಾಮಫೋನ್ ತಟ್ಟೆಗಳಿವೆ. ಅವನ್ನು ಚೆನ್ನಾಗಿ ಕೇಳಬೇಕೆಂಬ ಆಸೆಯಿಂದ ಆಕೆ ಕೈಖರ್ಚಿನ ಹಣವನ್ನು ಉಳಿಸಿ ತಾನೇ ಒಂದು ಆಂಪ್ಲಿಫೈಯರನ್ನು ಕಟ್ಟುತ್ತಾಳೆ. ಹಣದ ಬಹುಪಾಲು ಸ್ಪೀಕರುಗಳಿಗೂ ಒಳ್ಳೆಯ ಸರ್ಕಿಟ್ ಹಲಗೆಗೂ ಹೋಗುತ್ತದೆ. ಉಳಿದ ಚಿಲ್ಲರೆಗೆ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಟ್ರಾನ್ಸ್‌ಫಾರ್ಮರೂ ಎರಡು ಸಣ್ಣ ಕೆಪಾಸಿಟರುಗಳೂ ಬರುತ್ತವೆ. ತಟ್ಟೆ ತಿರುಗತೊಡಗುತ್ತದೆ. ತಂಬೂರಿಯ ನಾದದ ಕೆಳಗೆ, ಶ್ರುತಿಗೆ ಸೇರದ ಒಂದು ಗುಂಯ್‌ಗುಟ್ಟುವ ಸದ್ದು ಬಿಡದೆ ಕೇಳಿಸುತ್ತದೆ. ಮೃದಂಗದ ಗಟ್ಟಿಯಾದ ಪೆಟ್ಟೊಂದು ಬಿದ್ದೊಡನೆ ಹಾಡುವವರ ದನಿ ಒಡೆದು ಕರಕರ ಎನ್ನುತ್ತದೆ. ಆಕೆ ಸ್ಪೀಕರನ್ನು ಶಂಕಿಸುತ್ತಾಳೆ, ತಟ್ಟೆಯನ್ನು ಶಂಕಿಸುತ್ತಾಳೆ, ಕೊನೆಗೆ ತನ್ನ ಕೈಗೆಲಸವನ್ನೇ ಶಂಕಿಸುತ್ತಾಳೆ. ಆದರೆ ದೋಷವಿರುವುದು ಚಿಲ್ಲರೆ ಹಣಕ್ಕೆ ತಂದ ಆ ಭಾಗದಲ್ಲಿ, ಎಂದರೆ ಪವರ್ ಸಪ್ಲೈಯಲ್ಲಿ.

ಕೆರೆ, ತೂಬು, ನೀರುಗಂಟಿ

ಆಂಪ್ಲಿಫೈಯರು ಸಣ್ಣ ಸಂಕೇತವನ್ನು ಹಿಗ್ಗಿಸಿ ದೊಡ್ಡದು ಮಾಡುತ್ತದೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಈ ಮಾತು ಪೂರ್ತಿಯಾಗಿ ಸರಿಯಲ್ಲ. ಗ್ರಾಮಫೋನಿನ ಮುಳ್ಳಿನ ಬುಡದಲ್ಲಿ ಹುಟ್ಟುವ ಸಂಕೇತ ಸುಮಾರು 5 ಮಿಲಿವೋಲ್ಟು ಮಾತ್ರ. ಅದನ್ನು ಎಷ್ಟು ಎಳೆದರೂ ಸ್ಪೀಕರನ್ನು ಅಲುಗಿಸುವ ಬಲ ಅದರಿಂದ ಬಾರದು.

ನಮ್ಮ ಹಳ್ಳಿಗಳ ಕೆರೆಯನ್ನು ನೆನೆದರೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ನೀರುಗಂಟಿ ತೂಬನ್ನು ಹೆಚ್ಚೊ ಕಡಿಮೆಯೊ ತೆರೆಯುತ್ತಾನೆ. ಗದ್ದೆಗೆ ನೀರು ಹೆಚ್ಚೊ ಕಡಿಮೆಯೊ ಹರಿಯುತ್ತದೆ. ಹರಿದ ನೀರು ನೀರುಗಂಟಿಯ ತೋಳಿನಿಂದ ಬಂದುದಲ್ಲ, ಕೆರೆಯಿಂದ ಬಂದುದು. ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರೇ ತೂಬು. ಸಂಗೀತದ ಸಂಕೇತ ನೀರುಗಂಟಿಯ ಕೈ. ಪವರ್ ಸಪ್ಲೈ ಕೆರೆ. ಸ್ಪೀಕರಿನಿಂದ ನಾವು ಕೇಳುವುದು ಸಂಗೀತದ ಆಕಾರಕ್ಕೆ ತಿದ್ದಿದ ಪವರ್ ಸಪ್ಲೈಯನ್ನೇ. ಕೆರೆಯ ನೀರು ಕೆಸರಾದರೆ ಗದ್ದೆಗೆ ಕೆಸರು ನೀರೇ ಹೋಗುತ್ತದೆ. ಕೆರೆ ಬತ್ತಿದರೆ ತೂಬನ್ನು ಎಷ್ಟು ತೆರೆದರೂ ಫಲವಿಲ್ಲ. ಗುಂಯ್‌ಗುಟ್ಟುವಿಕೆ ಮೊದಲನೆಯ ದೋಷ. ಮೃದಂಗದ ಪೆಟ್ಟಿಗೆ ದನಿ ಒಡೆಯುವುದು ಎರಡನೆಯದು.

ಗೋಡೆಯ ವಿದ್ಯುತ್ತು ಕೆರೆಯಾಗುವ ಬಗೆ

ಗೋಡೆಯ ಪ್ಲಗ್ಗಿನಲ್ಲಿ ದೊರೆಯುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಅದು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಟ್ರಾನ್ಸಿಸ್ಟರಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ, ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತು. ಮೊದಲು ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಇಳಿಸುತ್ತದೆ. ಬಳಿಕ ನಾಲ್ಕು ಡಯೋಡುಗಳ ಸೇತುವೆ ಅಲೆಯ ಎರಡು ಅರ್ಧಗಳನ್ನೂ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಕೊನೆಯಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರು ಆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುತ್ತದೆ. ಈ ಸೇತುವೆಯೂ ಅಲ್ಯೂಮಿನಿಯಮ್ಮಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರೂ 1896ರ ಸುಮಾರಿನಲ್ಲಿ ಪೋಲೆಂಡಿನ ಎಂಜಿನಿಯರ್ ಕರೋಲ್ ಪೊಲ್ಲಾಕನ ಬುದ್ಧಿಯಿಂದ ಮೂಡಿದವು. ಇಂದಿಗೂ ಮನೆಯ ಆಂಪ್ಲಿಫೈಯರುಗಳಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಕುಳಿತಿರುತ್ತವೆ.

ಅಲೆಯ ಎರಡು ಅರ್ಧಗಳೂ ಬಳಕೆಯಾಗುವುದರಿಂದ ಕೆಪಾಸಿಟರಿಗೆ ಸೆಕೆಂಡಿಗೆ 100 ಸಲ ವಿದ್ಯುತ್ತು ತುಂಬುತ್ತದೆ. ಕೆರೆಗೆ ಸೆಕೆಂಡಿಗೆ 100 ಸಲ ಮಳೆ ಬಂದು ಬಂದು ನಿಂತಂತೆ ಎನ್ನೋಣ. ಎರಡು ಮಳೆಗಳ ನಡುವೆ ನೀರಿನ ಮಟ್ಟ ತುಸು ಇಳಿಯುತ್ತದೆ, ಮತ್ತೆ ಏರುತ್ತದೆ. ಈ ಏರಿಳಿತಕ್ಕೆ ರಿಪ್ಪಲ್ ಎಂದು ಹೆಸರು. ಸ್ಪೀಕರಿನವರೆಗೆ ನುಸುಳಿ ಬಂದರೆ ಅದೇ 100 ಹರ್ಟ್ಸ್‌ನ ಗುಂಯ್‌ಕಾರ. ಗಾಯಕರು ತಮ್ಮ ಶ್ರುತಿಯನ್ನು ತಾವೇ ಆರಿಸಿಕೊಳ್ಳುತ್ತಾರೆ. ಈ ಸದ್ದಿನ ಸ್ಥಾಯಿಯಾದರೊ ವಿದ್ಯುತ್ ಕೇಂದ್ರದಲ್ಲೇ ನಿಗದಿಯಾಗಿರುತ್ತದೆ. ಆದ್ದರಿಂದಲೇ ಅದು ಹಾಡಿನೊಂದಿಗೆ ಹೊಂದದೆ ಕಿವಿಗೆ ಚುಚ್ಚುತ್ತದೆ.

ಲೆಕ್ಕ ಹಾಕಿ ನೋಡೋಣ

ಒಂದು ಸಾಧಾರಣ ಕೋಣೆಗೆ ಪ್ರತಿಯೊಂದು ಸ್ಪೀಕರಿಗೂ 25 ವ್ಯಾಟು ಸಾಕೆಂದು ಇಟ್ಟುಕೊಳ್ಳೋಣ. ಸ್ಪೀಕರು 8 ಓಮಿನದು. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ 14.1 ವೋಲ್ಟು ಬರುತ್ತದೆ. ಅಲೆಯ ಶಿಖರ ಅದರ 1.41 ಪಾಲು, ಎಂದರೆ 20 ವೋಲ್ಟು. ಆ ಕ್ಷಣದಲ್ಲಿ ಸ್ಪೀಕರು ಸೆಳೆಯುವ ಪ್ರವಾಹ 20ನ್ನು 8ರಿಂದ ಭಾಗಿಸಿದಷ್ಟು, ಅಂದರೆ 2.5 ಆಂಪೇರು. ಟ್ರಾನ್ಸಿಸ್ಟರುಗಳು ತಮ್ಮ ಪಾಲಿಗೆ ಸುಮಾರು 3 ವೋಲ್ಟನ್ನು ಹಿಡಿದುಕೊಳ್ಳುತ್ತವೆ. ಆದ್ದರಿಂದ ಕೆರೆಯ ಮಟ್ಟ ಎಷ್ಟೇ ಇಳಿದರೂ 23 ವೋಲ್ಟಿಗಿಂತ ಕೆಳಗೆ ಹೋಗಬಾರದು. ಅಲೆಗೆ ಧನ, ಋಣ ಎಂಬ ಎರಡು ಅರ್ಧಗಳಿರುವುದರಿಂದ ಇಂತಹ ಕೆರೆಗಳು ಎರಡು ಬೇಕು.

ಇದಕ್ಕೆ 18-0-18 ವೋಲ್ಟಿನ ಟ್ರಾನ್ಸ್‌ಫಾರ್ಮರು ಒಪ್ಪುತ್ತದೆ. 18ರ ಶಿಖರ 25.5, ಡಯೋಡು ಸುಮಾರು 1 ವೋಲ್ಟನ್ನು ಕಳೆದರೆ 24.5 ಉಳಿಯುತ್ತದೆ. ಎರಡು ಸ್ಪೀಕರುಗಳೂ ಪೂರ್ಣ ಬಲದಲ್ಲಿ ನುಡಿಯುವಾಗ ಒಂದೊಂದು ಕೆರೆಯಿಂದ ಹೋಗುವ ಸರಾಸರಿ ಪ್ರವಾಹ 1.6 ಆಂಪೇರು. ಹಾಗಾದರೆ ಒಟ್ಟು ಸುಮಾರು 80 ವ್ಯಾಟು. ಕೆಪಾಸಿಟರು ಪ್ರವಾಹವನ್ನು ಸಮವಾಗಿ ಸೆಳೆಯದೆ ಗುಟುಕು ಗುಟುಕಾಗಿ ಸೆಳೆಯುವುದರಿಂದ ಟ್ರಾನ್ಸ್‌ಫಾರ್ಮರು ಹೆಚ್ಚು ಕಾಯುತ್ತದೆ. ಅದಕ್ಕಾಗಿ ಒಂದೂವರೆ ಪಾಲು ಹಿಡಿದು 120 ವೋಲ್ಟ್-ಆಂಪೇರಿನದನ್ನು ಕೊಳ್ಳುವುದು ಲೇಸು.

ಇನ್ನು ಕೆಪಾಸಿಟರು. 1.6 ಆಂಪೇರು ಪ್ರವಾಹ ಒಂದು ಸೆಕೆಂಡಿನ ನೂರನೆಯ ಒಂದು ಪಾಲು ಕಾಲ ಹರಿದರೆ 10,000 ಮೈಕ್ರೊಫ್ಯಾರಡ್ ಕೆಪಾಸಿಟರಿನ ಮಟ್ಟ 1.6 ವೋಲ್ಟು ಇಳಿಯುತ್ತದೆ. 24.5ರಿಂದ ಅದನ್ನು ಕಳೆದರೆ ಸುಮಾರು 23. ನಮಗೆ ಬೇಕಾದುದೂ ಅಷ್ಟೆ. ವಿದ್ಯಾರ್ಥಿನಿ ಹಾಕಿದ್ದ ಕೆಪಾಸಿಟರುಗಳು 1,000 ಮೈಕ್ರೊಫ್ಯಾರಡ್‌ನವು. ಅದೇ ಲೆಕ್ಕದಲ್ಲಿ ಅಲ್ಲಿಯ ಇಳಿತ 16 ವೋಲ್ಟು! ಮೃದಂಗದ ಪೆಟ್ಟಿಗೆ ಕೆರೆಯೇ ಬರಿದಾಯಿತೆಂಬುದರಲ್ಲಿ ಸಂದೇಹವೇನಿದೆ?

ಹಾಗೆಂದು 1,00,000 ಮೈಕ್ರೊಫ್ಯಾರಡ್ ಹಾಕಿದರೆ ಹತ್ತು ಪಾಲು ಸೊಗಸಾದೀತೆ? ಆಗದು. ಕೆಪಾಸಿಟರು ದೊಡ್ಡದಾದಷ್ಟೂ ಅದು ತುಂಬುವ ಗಳಿಗೆ ಕಿರಿದಾಗಿ, ಆ ಗಳಿಗೆಯ ಪ್ರವಾಹ ಭಾರಿಯಾಗುತ್ತದೆ. ಡಯೋಡೂ ಟ್ರಾನ್ಸ್‌ಫಾರ್ಮರೂ ವ್ಯರ್ಥವಾಗಿ ನರಳುತ್ತವೆ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿಯೂ ನಿಜ.

ಕೆಪಾಸಿಟರಿನ ಮೇಲೆ ಬರೆದಿರುವ ವೋಲ್ಟೇಜನ್ನೂ ಗಮನಿಸಬೇಕು. ಸಂಗೀತವಿಲ್ಲದಾಗ ಟ್ರಾನ್ಸ್‌ಫಾರ್ಮರಿನ ವೋಲ್ಟೇಜು ಸುಮಾರು ಹತ್ತನೆಯ ಒಂದು ಪಾಲು ಏರಬಹುದು. ಗೋಡೆಯ ವಿದ್ಯುತ್ತೂ ಅಷ್ಟೇ ಏರಬಹುದು. ಆಗ ನಮ್ಮ ಕೆರೆಯ ಮಟ್ಟ 30 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಆದ್ದರಿಂದ 25 ವೋಲ್ಟಿನದು ಸಲ್ಲದು. 35 ವೋಲ್ಟಿನದು ಬೇಕು. ಇದಕ್ಕೆ ಬದಲಾಗಿ ಸಂಜೆಯ ಹೊತ್ತು ಗೋಡೆಯ ವಿದ್ಯುತ್ತು 200ಕ್ಕೆ ಕುಸಿದರೆ, 25 ವ್ಯಾಟಿನ ಆಂಪ್ಲಿಫೈಯರು 18 ವ್ಯಾಟಿನದಾಗುತ್ತದೆ. ಕಿವಿಗೆ ಈ ವ್ಯತ್ಯಾಸ ಅತ್ಯಲ್ಪ. ಸದ್ದನ್ನು ಒಂದಿಷ್ಟು ತಗ್ಗಿಸಿಕೊಂಡರೆ ಸಾಕು.

ಮಟ್ಟವನ್ನು ಕಾಯುವ ರೆಗ್ಯುಲೇಟರು

ಏರಿಳಿತವೇ ಇಲ್ಲದಂತೆ ವೋಲ್ಟೇಜನ್ನು ಸ್ಥಿರವಾಗಿಡುವ ಉಪಕರಣಕ್ಕೆ ರೆಗ್ಯುಲೇಟರು ಎನ್ನುತ್ತಾರೆ. ಇದನ್ನು ಎಲ್ಲೆಡೆಯೂ ಹಾಕಬೇಕೆ? ಇಂದಿನ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರು ತನ್ನ ಪವರ್ ಸಪ್ಲೈಯ ಏರಿಳಿತವನ್ನು ತಾನೇ ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಮಾತ್ರ ಸ್ಪೀಕರಿಗೆ ತಲಪುತ್ತದೆ. ಸ್ಪೀಕರನ್ನು ನಡೆಸುವ ಕೊನೆಯ ಹಂತಕ್ಕೆ ರೆಗ್ಯುಲೇಟರು ಹಾಕಿದರೆ ಖರ್ಚೂ ಕಾವೂ ಹೆಚ್ಚುತ್ತವೆ, ಸೊಗಸು ಅಷ್ಟಾಗಿ ಹೆಚ್ಚದು.

ಆದರೆ ಗ್ರಾಮಫೋನಿನ ಸಂಕೇತವನ್ನು ಮೊದಲು ಬರಮಾಡಿಕೊಳ್ಳುವ ಹಂತದ ಮಾತು ಬೇರೆ. ಅಲ್ಲಿ ಸಂಕೇತವೇ 5 ಮಿಲಿವೋಲ್ಟು. 1 ಮಿಲಿವೋಲ್ಟಿನ ಕಶ್ಮಲ ಸೇರಿದರೂ ಐದರಲ್ಲಿ ಒಂದು ಪಾಲು ಕೆಟ್ಟಂತೆ. ಈ ಹಂತಕ್ಕೆ ಬೇಕಾದ ಪ್ರವಾಹವೂ ಅತಿ ಸ್ವಲ್ಪ. 7815 ಮತ್ತು 7915 ಎಂಬ, ಮೂರು ಕಾಲುಗಳ ಅಗ್ಗದ ರೆಗ್ಯುಲೇಟರುಗಳು ಇಲ್ಲಿ ಧನ 15, ಋಣ 15 ವೋಲ್ಟನ್ನು ಅಚ್ಚುಕಟ್ಟಾಗಿ ಕೊಡುತ್ತವೆ. ಕುಡಿಯುವ ನೀರನ್ನು ಸೋಸುತ್ತೇವೆ, ಗದ್ದೆಯ ನೀರನ್ನಲ್ಲ, ಹಾಗೆಯೇ ಇದೂ.

ಇಪ್ಪತ್ತೈದರಿಂದ ಲಕ್ಷದವರೆಗೆ

ಮಳೆ ಪದೇ ಪದೇ ಬರುವ ನಾಡಿನಲ್ಲಿ ಸಣ್ಣ ಕೆರೆಯೇ ಸಾಕು. ವಿದ್ಯುತ್ತಿನ ಆವರ್ತ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರೂ ಕೆಪಾಸಿಟರೂ ಚಿಕ್ಕವಾಗಬಹುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಸೆಕೆಂಡಿಗೆ 25 ಆವರ್ತದ್ದು. ಅದರಿಂದ ನಮ್ಮ ಆಂಪ್ಲಿಫೈಯರನ್ನು ನಡೆಸಬೇಕಾಗಿದ್ದರೆ ಇಮ್ಮಡಿ ಕೆಪಾಸಿಟರೂ ಇನ್ನೂ ಭಾರವಾದ ಟ್ರಾನ್ಸ್‌ಫಾರ್ಮರೂ ಬೇಕಾಗುತ್ತಿದ್ದುವು.

ಇದೇ ತತ್ತ್ವವನ್ನು ಇನ್ನೊಂದು ಕೊನೆಗೆ ಒಯ್ದುದೇ ಸ್ವಿಚಿಂಗ್ ಪವರ್ ಸಪ್ಲೈ. ಅದು ಗೋಡೆಯ ವಿದ್ಯುತ್ತನ್ನು ನೇರವಾಗಿ ಸುಮಾರು 325 ವೋಲ್ಟಿನ ನೇರ ವಿದ್ಯುತ್ತನ್ನಾಗಿ ಮಾಡಿ, ಸೆಕೆಂಡಿಗೆ ಐವತ್ತು ಸಾವಿರ ಅಥವಾ ಲಕ್ಷ ಸಲ ಕತ್ತರಿಸಿ, ನೆಲ್ಲಿಕಾಯಿಯಷ್ಟೋ ನಿಂಬೆಹಣ್ಣಿನಷ್ಟೋ ಇರುವ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸುತ್ತದೆ. ಮೊಬೈಲಿನ ಚಾರ್ಜರೂ ಲ್ಯಾಪ್‌ಟಾಪಿನ ಚಾರ್ಜರೂ ಈ ಜಾತಿಯವೇ. ಇದು ಹಗುರ, ಅಗ್ಗ. ಗೋಡೆಯ ವೋಲ್ಟೇಜು ಏರಿಳಿದರೂ ಅಲುಗದು. 100 ಹರ್ಟ್ಸ್‌ನ ಗುಂಯ್‌ಕಾರವೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಗ್ಗದ ಮಾದರಿಗಳು ಮೇಲಿನ ಆವರ್ತಗಳಲ್ಲಿ ಗಲಾಟೆ ಎಬ್ಬಿಸುತ್ತವೆ. ಅಲ್ಲದೆ ಟ್ರಾನ್ಸ್‌ಫಾರ್ಮರು ಗಳಿಗೆಯ ಹೊರೆಯನ್ನು ಸಹಿಸಿಕೊಳ್ಳುವಂತೆ ಇದು ಸಹಿಸದು. ಮಿತಿ ಮೀರಿದೊಡನೆ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಇದನ್ನು ಆರಿಸುವಾಗ ಸರಾಸರಿ ಪ್ರವಾಹವನ್ನಲ್ಲ, ಶಿಖರದ ಪ್ರವಾಹವನ್ನು ನೋಡಿ ಕೊಳ್ಳಬೇಕು. ಪ್ರಮಾಣಮುದ್ರೆಯುಳ್ಳ, ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನೇ ತರಬೇಕು, ಅದನ್ನು ಬಿಚ್ಚಬಾರದು.

ಗುಂಯ್‌ಕಾರದ ಮೂಲವನ್ನು ಹುಡುಕುವುದು

ಕೆಪಾಸಿಟರು ದೊಡ್ಡದಿದ್ದೂ ಸದ್ದು ನಿಲ್ಲದಿದ್ದರೆ ಅದು ಯಾವ ಸ್ಥಾಯಿಯದೆಂದು ಕಿವಿಗೊಟ್ಟು ಕೇಳಿರಿ. 100 ಹರ್ಟ್ಸ್‌ನ ಒರಟು ಸದ್ದಾದರೆ ರಿಪ್ಪಲ್ ಎಲ್ಲಿಯೋ ನುಸುಳುತ್ತಿದೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿನ, 50 ಹರ್ಟ್ಸ್‌ನ ಮಂದ್ರವಾದರೆ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವೋ ಎರಡು ಕಡೆ ಭೂಸಂಪರ್ಕವಾಗಿ ಉಂಟಾದ ಸುತ್ತೋ ಕಾರಣವಾಗಿರಬಹುದು. ಟ್ರಾನ್ಸ್‌ಫಾರ್ಮರನ್ನು ಗ್ರಾಮಫೋನಿನ ಹಂತದಿಂದ ದೂರವಿಡಬೇಕು. ಬಳೆಯಾಕಾರದ ಟೊರಾಯ್ಡ್ ಜಾತಿಯದು ಕಾಂತಕ್ಷೇತ್ರವನ್ನು ಹೊರಗೆ ಕಡಿಮೆ ಚೆಲ್ಲುತ್ತದೆ. ಸಂಕೇತದ ನೆಲತಂತಿಯೂ ಕೆಪಾಸಿಟರನ್ನು ತುಂಬುವ ತಂತಿಯೂ ಒಂದೇ ದಾರಿಯಲ್ಲಿ ಹೋಗಬಾರದು; ಎಲ್ಲ ನೆಲತಂತಿಗಳೂ ಬೇರೆ ಬೇರೆಯಾಗಿ ಬಂದು ಒಂದೇ ಬಿಂದುವಿನಲ್ಲಿ ಕೂಡಬೇಕು. ಕೆಪಾಸಿಟರುಗಳನ್ನು ಕಾವಿನಿಂದಲೂ ದೂರವಿಡಿರಿ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಪ್ರಾಣದ ಮಾತು

1947ರಲ್ಲಿ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ. ಟಿ. ಎನ್. ವಿಲಿಯಮ್‌ಸನ್ ಪ್ರಕಟಿಸಿದ ಪ್ರಸಿದ್ಧ ವಾಲ್ವ್ ಆಂಪ್ಲಿಫೈಯರಿನ ಬಲ 15 ವ್ಯಾಟು. ಅದರ ಪವರ್ ಸಪ್ಲೈ ಸುಮಾರು 450 ವೋಲ್ಟಿನದು. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿಯುವ ಅಂತಹ ವಿದ್ಯುತ್ತು ಮನುಷ್ಯನನ್ನು ಕೊಲ್ಲಬಲ್ಲುದು. ನಮ್ಮ 25 ವೋಲ್ಟಿನ ಕೆರೆ ಅಷ್ಟು ಕ್ರೂರವಲ್ಲವಾದರೂ ಟ್ರಾನ್ಸ್‌ಫಾರ್ಮರಿನ ಇನ್ನೊಂದು ಮಗ್ಗುಲಲ್ಲಿ 230 ವೋಲ್ಟು ಇದ್ದೇ ಇದೆ. ಮೂರು ಮೊಳೆಯ ಪ್ಲಗ್ಗು, ಲೋಹದ ಪೆಟ್ಟಿಗೆಗೆ ಭೂಸಂಪರ್ಕ, 1 ಆಂಪೇರಿನ ನಿಧಾನವಾಗಿ ಉರಿಯುವ ಫ್ಯೂಸು, ಇವು ಮೂರೂ ಇಲ್ಲದೆ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಬೇಡಿರಿ. ಒಂದೊಂದು ಕೆಪಾಸಿಟರಿಗೂ ಅಡ್ಡಲಾಗಿ 2,200 ಓಮಿನ, 1 ವ್ಯಾಟಿನ ರೋಧಕವನ್ನು ಬೆಸೆದರೆ ಆರಿಸಿದ ಎರಡು ನಿಮಿಷಗಳಲ್ಲಿ ಕೆರೆ ತಾನಾಗಿ ಬರಿದಾಗುತ್ತದೆ. ಮೊದಲ ಸಲ ಹಚ್ಚುವಾಗ 60 ವ್ಯಾಟಿನ ಹಳೆಯ ತಂತು ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿರಿ. ಬಲ್ಬು ಕ್ಷಣ ಬೆಳಗಿ ಮಂಕಾದರೆ ಕ್ಷೇಮ. ಪ್ರಕಾಶಮಾನವಾಗಿಯೇ ಉಳಿದರೆ ಎಲ್ಲಿಯೋ ತಪ್ಪಿದೆ. ಮನೆಯಲ್ಲಿ ವಿದ್ಯುತ್ತಿನ ಕೆಲಸ ಬಲ್ಲ ಹಿರಿಯರೊಬ್ಬರು ಆಗ ಪಕ್ಕದಲ್ಲಿರಲಿ.

ನಮ್ಮ ವಿದ್ಯಾರ್ಥಿನಿ ಸ್ಪೀಕರನ್ನು ಬದಲಿಸಬೇಕಾಗಿಲ್ಲ, ಸರ್ಕಿಟ್ ಹಲಗೆಯನ್ನೂ ಬದಲಿಸಬೇಕಾಗಿಲ್ಲ. ತಕ್ಕ ಟ್ರಾನ್ಸ್‌ಫಾರ್ಮರು, 10,000 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರು, ಮೊದಲ ಹಂತಕ್ಕೆ ಎರಡು ಪುಟ್ಟ ರೆಗ್ಯುಲೇಟರು, ನೆಲತಂತಿಗಳ ಒಪ್ಪವಾದ ಜೋಡಣೆ, ಇಷ್ಟಾದರೆ ಅಜ್ಜನ ತಟ್ಟೆಯಲ್ಲಿ ಗಾಯಕರು ಉಸಿರೆಳೆದುಕೊಳ್ಳುವ ನಡುವಿನ ಮೌನವೂ ಮೌನವಾಗಿಯೇ ಕೇಳಿಸುತ್ತದೆ. ಒಳ್ಳೆಯ ಪವರ್ ಸಪ್ಲೈಯ ಗುಣವೇ ಅದು: ಅದು ಇದೆಯೆಂಬುದೇ ಕೇಳುವವರಿಗೆ ತಿಳಿಯಬಾರದು.