ಕಾರಿನ ರಿಪೇರಿ: ಮನೆಯಲ್ಲೆಷ್ಟು, ಮೇಸ್ತ್ರಿಯಲ್ಲೆಷ್ಟು?

ಚಳ್ಳಕೆರೆ ತಾಲೂಕಿನ ನನ್ನಿವಾಳದಲ್ಲಿ ಒಂದು ಸಂಸಾರವಿದೆಯೆಂದು ಊಹಿಸಿಕೊಳ್ಳಿ. ಯಜಮಾನರು ಉಪಾಧ್ಯಾಯರು. ಗೃಹಿಣಿ ಹಾಲಿನ ಲೆಕ್ಕದಿಂದ ಹಿಡಿದು ಹಬ್ಬದ ಖರ್ಚಿನವರೆಗೆ ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದಿಡುವವರು. ಮಗಳು ಚಿತ್ರದುರ್ಗದ ಕಾಲೇಜಿನಲ್ಲಿ ಓದುತ್ತಾಳೆ. ವಯಸ್ಸಾದ ಅಜ್ಜನನ್ನು ತಿಂಗಳಿಗೊಮ್ಮೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆದುದರಿಂದ ಬಹುದಿನ ಯೋಚಿಸಿ, ಕೆಎ–16ರ ಫಲಕ ಹೊತ್ತ ಹಳೆಯ ಮಾರುತಿ 800 ಒಂದನ್ನು ಅವರು ಕೊಂಡಿದ್ದಾರೆ.

ಈ ಕಾರು ಮಧ್ಯಮವರ್ಗದ ಮನೆಗಳಿಗೆ ಅಪರಿಚಿತವಲ್ಲ. ಮೊದಲ ಗಾಡಿ 1983ರ ಡಿಸೆಂಬರ್ 14ರಂದು ಗಿರಾಕಿಯ ಕೈ ಸೇರಿತು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಆದರೆ ತಯಾರಿಕೆ ನಿಂತ ಮಾತ್ರಕ್ಕೆ ಗಾಡಿ ನಿಲ್ಲಲಿಲ್ಲ. ಕೊಳ್ಳುವಾಗ ಅದು ಅಗ್ಗವೇ. ಸಾಕುವುದರಲ್ಲಿ ಮಾತ್ರ ಸಂಸಾರದ ಕೈ ಬಿಗಿಯಾಗುತ್ತದೆ.

ಒಂದು ದಿನ ಯಜಮಾನರು ಚಳ್ಳಕೆರೆಯ ಗ್ಯಾರೇಜಿನಿಂದ ಒಂದು ಚೀಟಿ ಹಿಡಿದು ಮನೆಗೆ ಬರುತ್ತಾರೆ. ಅದರಲ್ಲಿ ಏಳು ಬಾಬುಗಳಿವೆ: ಏರ್ ಫಿಲ್ಟರ್, ವೈಪರ್ ರಬ್ಬರು, ಬ್ಯಾಟರಿಯ ಶುದ್ಧಿ, ಸ್ಪಾರ್ಕ್ ಪ್ಲಗ್, ಇಂಜಿನ್ ಆಯಿಲ್, ಹಿಂಬದಿಯ ಬ್ರೇಕ್ ಶೂ, ಸ್ಟಿಯರಿಂಗಿನಲ್ಲಿ ಕೇಳಿಬರುವ ಸದ್ದು. ಒಟ್ಟು ಮೊತ್ತವನ್ನು ನೋಡಿದ ಯಜಮಾನರಿಗೆ ಒಂದು ವಿಚಾರ ಹೊಳೆಯುತ್ತದೆ. ಎಲ್ಲಕ್ಕಿಂತ ಹೆಚ್ಚು ಕೂಲಿ ಬಿದ್ದಿರುವುದು ಬ್ರೇಕಿನ ಕೆಲಸಕ್ಕೆ. ಬ್ರೇಕ್ ಶೂಗಳಿಗೆ ಅಷ್ಟೇನೂ ಬೆಲೆಯಿಲ್ಲ. ಚಕ್ರ ಬಿಚ್ಚಿ ತಾವೇ ಹಾಕಿಕೊಂಡರೆ ಉಳಿತಾಯವೂ ಅಲ್ಲಿಯೇ ಹೆಚ್ಚಲ್ಲವೇ?

ಗೃಹಿಣಿ ಚೀಟಿಯನ್ನು ಎರಡು ಸಲ ಓದಿ ಹೇಳುತ್ತಾರೆ: “ವೈಪರು ಸರಿಯಾಗಿ ಕೂರದಿದ್ದರೆ ಗಾಡಿ ಅಂಗಳದಲ್ಲೇ ಇರುತ್ತದೆ. ಬ್ರೇಕು ಸರಿಯಾಗಿ ಕೂರದಿದ್ದರೆ ಗಾಡಿ ಎಲ್ಲಿರುತ್ತದೆ, ನೀವೇ ಹೇಳಿ ನೋಡೋಣ?”

ಸ್ವತಃ ಮಾಡಬಹುದಾದ ರಿಪೇರಿ ಯಾವುದು, ಮಾಡಬಾರದ ರಿಪೇರಿ ಯಾವುದು ಎಂಬ ವಿಚಾರದ ಸಾರವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ಕೆಲಸ ಸುಲಭವೋ ಕಷ್ಟವೋ ಎಂಬುದು ಎರಡನೆಯ ಮಾತು. ಎಷ್ಟು ಹಣ ಉಳಿಯುವುದೆಂಬುದು ಮೂರನೆಯ ಮಾತು. ಕೈ ತಪ್ಪಿದರೆ ಪರಿಣಾಮವೇನು ಎಂಬುದೇ ಮೊದಲನೆಯ ಮಾತು. ತಪ್ಪಿದಾಗ ಗಾಡಿ ಹೊರಡದೆ ಹೋಗುವ ಕೆಲಸಗಳು ಒಂದು ಬಗೆ. ತಪ್ಪಿದಾಗ ಗಾಡಿ ನಿಲ್ಲದೆ ಹೋಗುವ ಕೆಲಸಗಳು ಇನ್ನೊಂದು ಬಗೆ.

ಕಾರಿನಷ್ಟೇ ಹಳೆಯ ಪ್ರಶ್ನೆ

ಈ ವಿವೇಚನೆ ಇಂದಿನದಲ್ಲ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಟಾ ಬೆಂಜ್ ಎಂಬ ಮಹಿಳೆ, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್ ಪಟ್ಟಣದಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಷ್ಟು ದೂರ ಮೋಟಾರು ಗಾಡಿಯಲ್ಲಿ ಅದುವರೆಗೆ ಯಾರೂ ಹೋದವರಿರಲಿಲ್ಲ.

ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಆಕೆ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳೆಂದೂ, ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿ ಮುಂದುವರಿದಳೆಂದೂ ವೃತ್ತಾಂತವಿದೆ. ಜನರು ಮೆಚ್ಚಿ ನೆನೆಯುವುದು ಈ ಎರಡು ಸಾಹಸಗಳನ್ನೇ. ಆದರೆ ಅದೇ ವೃತ್ತಾಂತದ ಉಳಿದರ್ಧ ಇನ್ನೂ ಬೆಲೆಯುಳ್ಳದ್ದು. ಮರದ ಬ್ರೇಕುಗಳು ಸವೆದು ಹಿಡಿತ ಕಡಿಮೆಯಾದಾಗ ಆಕೆ ಸೂಜಿಯನ್ನೂ ತೆಗೆಯಲಿಲ್ಲ, ಪಟ್ಟಿಯನ್ನೂ ಸುತ್ತಲಿಲ್ಲ. ಚಮ್ಮಾರನ ಬಳಿ ಹೋಗಿ ಬ್ರೇಕಿಗೆ ತೊಗಲು ಹೊಡೆಸಿದಳು. ಸರಪಳಿಯ ದುರಸ್ತಿಗೆ ಕಮ್ಮಾರನ ನೆರವು ಪಡೆದಳು. ತನ್ನ ಕೈಯ ಕೆಲಸವಾವುದು, ಕಸಬುದಾರನ ಕೆಲಸವಾವುದು ಎಂಬುದನ್ನು ಆಕೆ ಆ ದಿನವೇ ತಿಳಿದಿದ್ದಳು.

ಮನೆಯಂಗಳದಲ್ಲೇ ಮುಗಿಯುವ ಕೆಲಸಗಳು

ಬಯಲುಸೀಮೆಯ ಈ ಭಾಗದಲ್ಲಿ ಮಳೆ ಕಡಿಮೆ, ಧೂಳು ಹೆಚ್ಚು. ಹೊಲದ ದಾರಿಯಲ್ಲಿ ಒಂದು ಟ್ರ್ಯಾಕ್ಟರು ಮುಂದೆ ಹೋದರೆ ಹಿಂದಿನ ಕಾರು ಅದರ ಧೂಳನ್ನೆಲ್ಲ ಕುಡಿಯಬೇಕು. ಆ ಧೂಳನ್ನು ತಡೆಯತಕ್ಕದ್ದು ಏರ್ ಫಿಲ್ಟರ್. ಅದು ಕಟ್ಟಿಕೊಂಡರೆ ಇಂಜಿನ್ನಿಗೆ ಉಸಿರು ಸಾಲದು. ಹರಿದರೆ ಧೂಳು ಒಳಹೊಕ್ಕು ಪಿಸ್ಟನ್ನಿನ ಬಳೆಗಳನ್ನು ಸವೆಸುತ್ತದೆ. ಆದುದರಿಂದ ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಮುಂಚೆಯೇ ಇಲ್ಲಿ ಅದನ್ನು ತೆರೆದು ನೋಡಬೇಕಾಗುತ್ತದೆ. ಡಬ್ಬಿಯ ಹಿಡಿಕೆಗಳನ್ನು ಬಿಡಿಸಿ, ಹಳೆಯ ಕಾಗದದ ಫಿಲ್ಟರನ್ನು ತೆಗೆದು, ಡಬ್ಬಿಯೊಳಗಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸದನ್ನು ಕೂರಿಸಿದರೆ ಮುಗಿಯಿತು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಲಾಗದು.

ವೈಪರಿನ ರಬ್ಬರು ಇಲ್ಲಿಯ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಮಳೆ ಅಪರೂಪವಾದುದರಿಂದ ಅದು ಕೆಟ್ಟಿರುವುದು ತಿಳಿಯುವುದು ಮೊದಲ ಮಳೆಯ ರಾತ್ರಿಯಲ್ಲಿಯೇ. ಅದನ್ನು ಬದಲಿಸಲು ಹತ್ಯಾರವೂ ಬೇಡ. ಹಳೆಯ ಬ್ಲೇಡನ್ನು ತೆಗೆದಾಗ ಗಾಜಿನ ಮೇಲೆ ದಪ್ಪ ಬಟ್ಟೆಯೊಂದನ್ನು ಹಾಸಿರಬೇಕು. ಸ್ಪ್ರಿಂಗಿನ ತೋಳು ಜಾರಿ ಬಡಿದರೆ ಗಾಜೇ ಬಿರಿದೀತು.

ಬ್ಯಾಟರಿಯ ತುದಿಗಳಲ್ಲಿ ಬೆಳೆಯುವ ಬಿಳಿ, ಹಸಿರು ಬೂಷ್ಟನ್ನು ಅಡಿಗೆ ಸೋಡ ಬೆರೆಸಿದ ನೀರಿನಿಂದಲೂ ಹಳೆಯ ಬ್ರಷ್ಷಿನಿಂದಲೂ ತೆಗೆಯಬಹುದು. ಆ ನೀರು ಬ್ಯಾಟರಿಯ ಒಳಗೆ ಹೋಗದಂತೆ ಎಚ್ಚರವಿರಲಿ. ಬಿಚ್ಚುವಾಗ ಮೊದಲು ಋಣ ತಂತಿ, ಜೋಡಿಸುವಾಗ ಕೊನೆಗೆ ಋಣ ತಂತಿ. ಈ ಕ್ರಮವನ್ನು ತಪ್ಪಬಾರದು. ಒಳಗಿರುವುದು ಗಂಧಕಾಮ್ಲ. ಚಾರ್ಜ್ ಆಗುವಾಗ ಹೊರಡುವ ಅನಿಲ ಕಿಡಿ ಸೋಕಿದರೆ ಸಿಡಿಯಬಲ್ಲದು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ. ಬೀಡಿ, ಬೆಂಕಿಕಡ್ಡಿ ದೂರವಿರಲಿ. ನೀರು ತುಂಬುವ ಬಗೆಯ ಬ್ಯಾಟರಿಯಾದರೆ ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು. ಕೊಳವೆಬಾವಿಯ ಗಡಸು ನೀರು ಬ್ಯಾಟರಿಗೆ ವಿಷವಿದ್ದಂತೆ.

ಸ್ಪಾರ್ಕ್ ಪ್ಲಗ್ಗಿನ ಕೆಲಸ ಇವುಗಳಿಗಿಂತ ಒಂದು ಮೆಟ್ಟಿಲು ಮೇಲೆ. ಮಾರುತಿ 800ರಲ್ಲಿ ಮೂರು ಸಿಲಿಂಡರು, ಮೂರು ಪ್ಲಗ್ಗು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಒಂದೊಂದನ್ನೇ ಬಿಚ್ಚಿ ಬದಲಿಸಿದರೆ ತಂತಿಗಳು ಅದಲುಬದಲಾಗುವ ಭಯವಿಲ್ಲ. ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ಸ್ಪ್ಯಾನರಿನ ಬಲದಿಂದ ಓರೆಯಾಗಿ ಬಿಗಿದರೆ ಅಲ್ಯೂಮಿನಿಯಮ್ಮಿನ ಮರೆ ಕೆಟ್ಟು, ಪ್ಲಗ್ಗಿನ ಕೂಲಿ ಉಳಿಸಲು ಹೋಗಿ ಇಂಜಿನ್ನಿನ ತಲೆಗೇ ಖರ್ಚು ಬಂದೀತು.

ಇನ್ನು ಈ ಸೀಮೆಯ ಖಾಯಂ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ರಸ್ತೆಯ ಬದಿಗೆ ಗಾಡಿ ಇಳಿಸಿದವರು ಅದರ ರುಚಿಯನ್ನು ಕಂಡೇ ಇರುತ್ತಾರೆ. ಪಂಕ್ಚರು ಹಾಕುವುದನ್ನು ಅಂಗಡಿಯವನಿಗೆ ಬಿಡಬಹುದು. ಆದರೆ ಸ್ಟೆಪ್ನಿ ಹಾಕಲು ಮನೆಯ ಚಾಲಕರೆಲ್ಲರೂ, ಮಗಳೂ ಕೂಡ, ಹಗಲು ಹೊತ್ತಿನಲ್ಲಿ ಅಂಗಳದಲ್ಲೇ ಒಮ್ಮೆ ಕಲಿತಿರಬೇಕು. ಗಟ್ಟಿಯಾದ ಸಮ ನೆಲ, ಹ್ಯಾಂಡ್ ಬ್ರೇಕು, ಎದುರು ಚಕ್ರಕ್ಕೆ ಒಡ್ಡಿದ ಕಲ್ಲು ಇವು ಮೊದಲು. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಜಾಕ್ ಏರಿಸಬೇಕು. ಬಿಗಿಯುವಾಗ ಎದುರುಬದುರು ನಟ್ಟುಗಳನ್ನು ಬಿಗಿಯಬೇಕು. ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತೂರಬಾರದು.

ನೋಡುವುದು ನಮ್ಮದು, ಮಾಡುವುದು ಅವರದು

ಇಂಜಿನ್ ಆಯಿಲ್ ಬದಲಿಸುವುದು ಎರಡು ಬಗೆಗಳ ನಡುವಿನ ಕೆಲಸ. ಕೆಲಸವೇನೂ ಕಠಿಣವಲ್ಲ. ಆದರೆ ಗಾಡಿಯನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ಏರಿಸಬೇಕು, ಬಿಸಿ ಆಯಿಲನ್ನು ಹಿಡಿಯಬೇಕು, ಹಳೆಯ ಆಯಿಲನ್ನು ಎಲ್ಲಿಗಾದರೂ ಒಪ್ಪಿಸಬೇಕು. ಅದನ್ನು ಹಿತ್ತಲಿಗೋ ಚರಂಡಿಗೋ ಸುರಿಯುವುದು ಮಣ್ಣಿಗೂ ಅಂತರ್ಜಲಕ್ಕೂ ದ್ರೋಹ. ಕೊಳವೆಬಾವಿಯನ್ನೇ ನಂಬಿದ ಊರುಗಳಲ್ಲಂತೂ ತನ್ನ ಬಾಯಿಗೆ ತಾನೇ ಕೊಳೆ ಸುರಿದುಕೊಂಡಂತೆ. ಬಳಸಿದ ಆಯಿಲನ್ನು ಸರ್ಕಾರದ ನಿಯಮಗಳೂ ಅಪಾಯಕಾರಿ ತ್ಯಾಜ್ಯವೆಂದೇ ಎಣಿಸುತ್ತವೆ. ಉಳಿಯುವ ಕೂಲಿಯನ್ನು ಈ ತೊಂದರೆಗಳೊಡನೆ ತೂಗಿ ನೋಡಿದರೆ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನು ತಾವೇ ನೋಡಿ ಕೊಂಡು, ಗ್ಯಾರೇಜಿನಲ್ಲಿ ಎದುರಿಗೆ ನಿಂತು ಹಾಕಿಸುವುದೇ ಜಾಣತನ.

ಆದರೆ ಆಯಿಲಿನ ಮಟ್ಟವನ್ನು ನೋಡುವ ಕೆಲಸ ಸಂಪೂರ್ಣವಾಗಿ ಮನೆಯದು. ಸಮ ನೆಲದಲ್ಲಿ ಇಂಜಿನ್ ನಿಲ್ಲಿಸಿ ಕೆಲವು ನಿಮಿಷ ಕಾದು, ಅಳತೆಯ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಅದ್ದಿ ನೋಡಿದರೆ ಆಯಿಲು ಎರಡು ಗುರುತುಗಳ ನಡುವೆ ಕಾಣಬೇಕು. ಅಂತೆಯೇ ರೇಡಿಯೇಟರಿನ ನೀರು. ಅದರ ಮುಚ್ಚಳವನ್ನು ಇಂಜಿನ್ ಬಿಸಿಯಿರುವಾಗ ತೆರೆಯಬಾರದು, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಬ್ರೇಕ್ ದ್ರವದ ಮಟ್ಟ, ಟೈರಿನ ಗಾಳಿ, ನೆಲದ ಮೇಲೆ ಹೊಸದಾಗಿ ಕಂಡ ತೊಟ್ಟು ಇವೂ ಹಾಗೆಯೇ. ವಾರಕ್ಕೊಮ್ಮೆ ಹತ್ತು ನಿಮಿಷದ ಈ ನೋಟದಿಂದ ಉಳಿಯುವ ಹಣ ಸ್ಪ್ಯಾನರಿನಿಂದ ಉಳಿಯುವ ಹಣಕ್ಕಿಂತ ಹೆಚ್ಚು. ಆಯಿಲು ಇಳಿದದ್ದನ್ನು ಕಂಡವನಿಗೆ ಒಂದು ಡಬ್ಬಿಯ ಖರ್ಚು. ಕಾಣದವನಿಗೆ ಇಡೀ ಇಂಜಿನ್ನಿನ ಖರ್ಚು.

ಕೈ ಹಾಕಬಾರದ ಕೆಲಸಗಳು

ಬ್ರೇಕು, ಸ್ಟಿಯರಿಂಗು, ಸಸ್ಪೆನ್ಷನ್ ಈ ಮೂರೂ ಜೀವದ ಹೊಣೆ ಹೊತ್ತ ಭಾಗಗಳು. ಬ್ರೇಕಿನ ದ್ರವ ಗಾಳಿಯಿಂದ ತೇವವನ್ನು ಹೀರುತ್ತದೆ. ತೇವ ಹೀರಿದ ದ್ರವ ಕಾವಿಗೆ ಬೇಗ ಕುದಿಯುತ್ತದೆ. ಕುದಿದಾಗ ಏಳುವ ಆವಿಯ ಗುಳ್ಳೆಗಳಿಂದ ಪೆಡಲು ಮೆತ್ತಗಾಗುತ್ತದೆ. ರಿಪೇರಿಯ ವೇಳೆ ಕೊಳವೆಯಲ್ಲಿ ಒಂದಿಷ್ಟು ಗಾಳಿ ಉಳಿದರೂ ಅದೇ ಫಲ. ಅಂಗಳದಲ್ಲಿ ಒತ್ತಿ ನೋಡಿದಾಗ ಸರಿಯಾಗಿಯೇ ಕಂಡ ಬ್ರೇಕು ಹೆದ್ದಾರಿಯಲ್ಲಿ ಲಾರಿಯ ಹಿಂದೆ ಕೈಕೊಡಬಲ್ಲದು. ಆ ದ್ರವದ ಡಬ್ಬಿಗೆ ಬೇರೆ ಎಣ್ಣೆ ಸುರಿಯುವುದಂತೂ ಅನರ್ಥ. ಒಳಗಿನ ರಬ್ಬರುಗಳು ಉಬ್ಬಿ ಇಡೀ ವ್ಯವಸ್ಥೆಯೇ ಕೆಡುತ್ತದೆ.

ಹೊಸ ಕಾರುಗಳಲ್ಲಿ ಈ ಪಟ್ಟಿ ಇನ್ನೂ ಉದ್ದವಾಗಿದೆ. 2019ರ ಜುಲೈಯಿಂದ ಚಾಲಕನ ಮುಂದಿನ ಏರ್‌ಬ್ಯಾಗು ಭಾರತದ ಹೊಸ ಕಾರುಗಳಲ್ಲಿ ಕಡ್ಡಾಯವಾಯಿತು. ಅದರ ತಂತಿಗಳನ್ನು ಕೆದಕಿದರೆ ಚೀಲ ಮುಖದ ಮೇಲೇ ಸಿಡಿಯಬಹುದು, ಇಲ್ಲವೇ ಬೇಕಾದಾಗ ತೆರೆಯದಿರಬಹುದು. 2020ರ ಏಪ್ರಿಲಿನಲ್ಲಿ ಬಂದ ಭಾರತ್ ಸ್ಟೇಜ್ 6 ನಿಯಮದ ಇಂಜಿನ್ನುಗಳ ದೋಷವನ್ನು ಕಿವಿಯಿಂದ ಕೇಳಿ ಹೇಳುವುದು ಕಷ್ಟ. ಯಂತ್ರ ಜೋಡಿಸಿ ಓದಬೇಕು. ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ದಪ್ಪ ತಂತಿಗಳಲ್ಲಿರುವುದು ಪ್ರಾಣಾಂತಿಕ ವಿದ್ಯುತ್ತು. ವಾರಂಟಿ ಇನ್ನೂ ಉಳಿದಿದ್ದರೆ ಸ್ಕ್ರೂ ಬಿಚ್ಚುವ ಮೊದಲು ಅದರ ಷರತ್ತುಗಳನ್ನು ಓದಬೇಕು.

ಲೆಕ್ಕದ ಪುಸ್ತಕ

ಉಳಿದದ್ದು ಹಣದ ಲೆಕ್ಕ. ಒಂದು ಹತ್ಯಾರಕ್ಕೆ 600 ರೂಪಾಯಿ ಎಂದೂ, ಅದರಿಂದ ಪ್ರತಿ ಸಲ ಉಳಿಯುವ ಕೂಲಿ 150 ರೂಪಾಯಿ ಎಂದೂ ಇಟ್ಟುಕೊಂಡರೆ, ನಾಲ್ಕು ಸಲ ಬಳಸುವವರೆಗೆ ಲಾಭವಿಲ್ಲ. ಐದನೆಯ ಸಲದಿಂದ ಲಾಭ. ವರ್ಷಕ್ಕೊಮ್ಮೆ ಬರುವ ಕೆಲಸಕ್ಕಾಗಿ ಅಂಥ ಹತ್ಯಾರ ಕೊಳ್ಳುವುದು ಉಳಿತಾಯವಲ್ಲ, ಹವ್ಯಾಸ. ಹವ್ಯಾಸವೂ ತಪ್ಪಲ್ಲ, ಅದನ್ನು ಉಳಿತಾಯದ ಅಂಕಣದಲ್ಲಿ ಬರೆಯಬಾರದು, ಅಷ್ಟೇ.

ನನ್ನಿವಾಳದ ಆ ಸಂಸಾರದ ಚೀಟಿ ಕೊನೆಗೆ ಹೀಗೆ ಹಂಚಿಹೋಗುತ್ತದೆ. ಫಿಲ್ಟರು, ವೈಪರು, ಬ್ಯಾಟರಿ ಯಜಮಾನರ ಪಾಲಿಗೆ. ಮೂರು ಪ್ಲಗ್ಗುಗಳು ತಂದೆ ಮಗಳಿಬ್ಬರ ಪಾಲಿಗೆ. ಆಯಿಲು ಕೊಳ್ಳುವುದು ಮನೆಯವರು, ಹಾಕುವುದು ಗ್ಯಾರೇಜಿನವರು. ಬ್ರೇಕೂ ಸ್ಟಿಯರಿಂಗೂ ಮೇಸ್ತ್ರಿಗೆ. ಗೃಹಿಣಿ ಉಳಿದ ಕೂಲಿಯನ್ನು ಒಂದು ಸಾಲಿನಲ್ಲಿ ಬರೆದು, ಬ್ರೇಕಿಗೆ ಕೊಡಬೇಕಾದ ಕೂಲಿಯನ್ನು ಅದರ ಕೆಳಗೆ ಬರೆಯುತ್ತಾರೆ. ಎರಡು ಮೊತ್ತಗಳೂ ಹೆಚ್ಚುಕಡಿಮೆ ಒಂದೇ ಆಗಿವೆ. ಅಂದರೆ ಮನೆಯಲ್ಲಿ ಮಾಡಿದ ಸಣ್ಣ ಕೆಲಸಗಳೇ ಗ್ಯಾರೇಜಿನ ದೊಡ್ಡ ಕೆಲಸದ ಖರ್ಚನ್ನು ಹೊತ್ತಿವೆ.

ಮರುವಾರ ಅಜ್ಜನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಾಡಿ ಹೊರಡುತ್ತದೆ. ಊರಾಚೆ ಕುರಿಮಂದೆಯೊಂದು ಥಟ್ಟನೆ ರಸ್ತೆಗೆ ಇಳಿಯುತ್ತದೆ. ಯಜಮಾನರು ಪೆಡಲು ಒತ್ತುತ್ತಾರೆ, ಗಾಡಿ ನಿಲ್ಲುತ್ತದೆ. ಕುರಿಗಳು ನಿಧಾನವಾಗಿ ದಾಟುತ್ತವೆ. ಹಿಂದಿನ ಸೀಟಿನಲ್ಲಿದ್ದ ಗೃಹಿಣಿ ಕೂಲಿಯ ಮಾತನ್ನು ಮತ್ತೆ ಎತ್ತುವುದಿಲ್ಲ.